ದೋಸೆ ತಿನ್ನುತ್ತಾ ಹೇಳಿದ ಮಾತು

"ನೀನು ಅವತ್ತು ದೋಸೆ ತಿನ್ನಿಸ್ತಾ ಹೇಳಿದ್ದು ಎಚ್ಚರಿಕೆ ಅಂತ ನಂಗೆ ಗೊತ್ತೇ ಆಗ್ಲಿಲ್ಲ ಕಣಮ್ಮ," ಎಂದರು ಕೃಷ್ಣಪ್ರಸಾದರು. ಗಾಬರಿಯಲ್ಲಿ ಮಾತು ಕನ್ನಡಕ್ಕೆ ಜಾರಿತ್ತು.

ಸ್ಟ್ರಾಟ್‌ಫರ್ಡ್ ಆಫೀಸಿನ ಆ ಗಾಜಿನ ಕೋಣೆಯಲ್ಲಿ ಕನ್ನಡ ಬರುತ್ತಿದ್ದುದು ಅವರಿಗೆ ಮತ್ತು ವೈದೇಹಿಗೆ ಮಾತ್ರ. ಎಚ್‌ಆರ್‌ನ ಕ್ಲೇರ್ ಏನೂ ತಿಳಿಯದೆ ವೈದೇಹಿಯ ಮುಖ ನೋಡಿದಳು.

ಬೆಂಗಳೂರಿನಲ್ಲಿ ವೈದೇಹಿಗೆ ಸಾಫ್ಟ್‌ವೇರ್ ಕೆಲಸ ಕಲಿಸಿದವರು ಈ ಕೃಷ್ಣಪ್ರಸಾದರೇ. ಈಗ ಅರವತ್ತರ ಹತ್ತಿರದಲ್ಲಿ ಅವಳ ಕೈಕೆಳಗೆ ಇದ್ದರು. ಟೀಮಿನ ಹುಡುಗರೆಲ್ಲ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಅವಳು ಮಾತ್ರ ಇವರನ್ನು ಸರ್ ಎನ್ನುವುದು ಬಿಟ್ಟಿರಲಿಲ್ಲ. ತಪ್ಪು ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ, ಹುಡುಗರು ಬರೆದ ಕೋಡನ್ನು ಹೇಳದೆ ಕೇಳದೆ ತಿದ್ದಿಬಿಡುತ್ತಿದ್ದರು. ವೈದೇಹಿಯ ಕಾಲದಲ್ಲಿ ಅದು ಪ್ರೀತಿ ಎನಿಸಿಕೊಂಡಿತ್ತು. ಈ ಇಂಗ್ಲಿಷ್ ನಾಡಿನಲ್ಲೇ ಹುಟ್ಟಿ ಬೆಳೆದ, ಟೀಮಿನ ಸಮರ್ಥನಿಗೆ ಅದು ಅವಮಾನ. ಅವನು ದೂರು ಕೊಟ್ಟ. ಒಮ್ಮೆ ಸ್ಪಷ್ಟವಾಗಿ ಎಚ್ಚರಿಸು, ಮತ್ತೆ ಮಾಡಿದರೆ ಕೆಲಸದಿಂದ ತೆಗೆಯೋಣ ಎಂದರು ಮೇಲಿನವರು.

ಅಪ್ಪನ ವಯಸ್ಸಿನವರಿಗೆ ಸ್ಪಷ್ಟವಾಗಿ ಹೇಳುವುದು ಹೇಗೆ? ವೈದೇಹಿ ಅವರನ್ನು ಟೂಟಿಂಗ್‌ನ ಹೋಟೆಲಿಗೆ ಕರೆದೊಯ್ದು ಮಸಾಲೆದೋಸೆ ತರಿಸಿದಳು. ಮಗಳ ಮದುವೆಯ ವಿಚಾರ ಕೇಳಿದಳು, ಮಂಡಿನೋವು ಹೇಗಿದೆ ಎಂದಳು. ಕೊನೆಗೆ ಚಟ್ನಿಯ ಬಟ್ಟಲನ್ನು ಅವರತ್ತ ಸರಿಸುತ್ತಾ, ಹುಡುಗರ ಕೆಲಸ ಮುಟ್ಟುವಾಗ ಸ್ವಲ್ಪ ನೋಡಿಕೊಳ್ಳಿ ಸರ್, ಕಾಲ ಕೆಟ್ಟಿದೆ ಎಂದಳು. ಅವರು ನಕ್ಕು ಇನ್ನೊಂದು ಕಾಫಿ ಹೇಳಿದರು. ಎಚ್ಚರಿಸಿದ್ದೇನೆ ಎಂದು ಮರುದಿನ ಅವಳು ಕ್ಲೇರ್‌ಗೆ ತಿಳಿಸಿದಳು. ತನ್ನ ಪುಕ್ಕಲುತನಕ್ಕೆ ಮರ್ಯಾದೆ ಎಂದು ಹೆಸರಿಟ್ಟುಕೊಂಡು ಹಾಯಾಗಿ ನಿದ್ದೆ ಮಾಡಿದಳು. ಕೃಷ್ಣಪ್ರಸಾದರು ಸಮರ್ಥನ ಕೋಡನ್ನು ಮತ್ತೆ ತಿದ್ದಿದರು. ಅವರನ್ನು ಕೆಲಸದಿಂದ ತೆಗೆಯಲೆಂದೇ ಈಗ ಈ ಸಭೆ.

"ಏನಂತೆ?" ಎಂದು ಕ್ಲೇರ್ ಇಂಗ್ಲಿಷಿನಲ್ಲಿ ಕೇಳಿದಳು.

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅವರ ಕೆಲಸ ಉಳಿಯುತ್ತಿತ್ತು. ಸುಳ್ಳು ವರದಿ ಕೊಟ್ಟವಳೆಂದು ವೈದೇಹಿಯದು ಹೋಗುತ್ತಿತ್ತು. ಇಲ್ಫರ್ಡ್‌ನಲ್ಲಿ ಮೊನ್ನೆ ತಾನೇ ಗೃಹಪ್ರವೇಶ ಮಾಡಿದ ತನ್ನ ಮನೆ ಅವಳ ಕಣ್ಣಮುಂದೆ ಬಂತು. ಹೋಮಕ್ಕೆ ಸ್ಮೋಕ್ ಅಲಾರಂ ಬಡಿದುಕೊಂಡಾಗ ಕುರ್ಚಿ ಹತ್ತಿ ಅದನ್ನು ನಿಲ್ಲಿಸಿದವರೂ ಇವರೇ.

"ನಾನು ಎಚ್ಚರಿಸಿದ್ದು ಅವರಿಗೆ ನೆನಪಿದೆಯಂತೆ," ಎಂದಳು, ಇಂಗ್ಲಿಷಿನಲ್ಲಿ.

ಕೃಷ್ಣಪ್ರಸಾದರು ಅವಳನ್ನೇ ನೋಡಿದರು. ಅವರ ಇಂಗ್ಲಿಷ್ ಅವಳದಕ್ಕಿಂತ ಚೆನ್ನಾಗಿತ್ತು; ಒಂದು ಮಾತು ಸಾಕಿತ್ತು. ಅವರು ಮೇಜಿನ ಮೇಲಿದ್ದ ಕೈಗಳನ್ನು ಮಡಿಲಿಗೆ ತೆಗೆದುಕೊಂಡರು. ಅವಳ ಮಾತನ್ನು ತಿದ್ದಲಿಲ್ಲ.

ಹೊರಗೆ ಲಿಫ್ಟ್ ಬಂದಾಗ ಅವರೇ ಮೊದಲು ಒಳಗೆ ಹೋಗಿ, ಮುಚ್ಚುತ್ತಿದ್ದ ಬಾಗಿಲಿಗೆ ಕೈ ಅಡ್ಡ ಹಿಡಿದರು.

"ಬನ್ನಿ ಮೇಡಂ," ಎಂದರು.

ವೈದೇಹಿ ಒಳಗೆ ಹೋಗಿ ಅವರ ಪಕ್ಕದಲ್ಲಿ ನಿಂತಳು. ಕೆಳಗಿಳಿಯುವವರೆಗೂ ಇಬ್ಬರೂ ಬಾಗಿಲನ್ನೇ ನೋಡುತ್ತಿದ್ದರು.