ಪಲ್ಲಕ್ಕಿಯ ನಾಲ್ಕನೆಯವನು

ಅಣ್ಣ ಭೂತಪ್ಪನ ಮಗಳು ಸ್ವಾತಿ ಘಟಿಕೋತ್ಸವದ ಶಾಲು ಹೊದ್ದು ಎದುರಿಗೆ ಬಂದಾಗ ಯಶೋಧಾಳ ಕಣ್ಣು ಅದರ ಅಂಚಿಗೆ ಹೋಯಿತು. ಇಪ್ಪತ್ತೆಂಟು ವರ್ಷ ಈ ವಿಶ್ವವಿದ್ಯಾಲಯದ ಕಡೆ ತಲೆ ಹಾಕಿಯೂ ಮಲಗದವಳು, ಹುಡುಗಿಯ ಹಟಕ್ಕೆ ಸೋತು ಹೊಸನಗರದಿಂದ ಬೆಳಗಿನ ಬಸ್ಸು ಹತ್ತಿದ್ದಳು. ಬಂದದ್ದಕ್ಕೆ ಸರಿಯಾಗಿಯೇ ಆಯಿತು. ಶಾಲಿನ ಅಂಚಿನ ತುಂಬ ತಮ್ಮ ಮನೆಯ ಗೋಡೆಯ ಚಿತ್ತಾರವೇ ಇತ್ತು.

ಭೂತಪ್ಪನ ಮದುವೆಗೆ ಅವ್ವ ದುಗ್ಗಮ್ಮ ಪುಂಡಿನಾರಿನ ಕುಂಚ ಹಿಡಿದು ಕೆಮ್ಮಣ್ಣಿನ ಗೋಡೆಗೆ ಹಸೆ ಚಿತ್ತಾರ ಬರೆದಿದ್ದಳು. ಪಲ್ಲಕ್ಕಿ ಹೊರುವ ನಾಲ್ವರಲ್ಲಿ ಮೂವರನ್ನು ಬರೆಯುವಷ್ಟರಲ್ಲಿ ಬಣ್ಣಕ್ಕೆ ಕಲಸಿದ ಅಕ್ಕಿಹಿಟ್ಟು ಮುಗಿಯಿತು, ಬಾಗಿಲಿಗೆ ದಿಬ್ಬಣ ಬಂದೇಬಿಟ್ಟಿತು. ನಾಲ್ಕನೆಯವನು ನೀರು ಕುಡಿಯೋಕೆ ಹೋಗಿದಾನೆ ಅಂತ ನಕ್ಕು ಅವ್ವ ಎದ್ದಿದ್ದಳು.

ಎಂ.ಫಿಲ್.ಗಾಗಿ ಯಶೋಧಾ ಅದನ್ನು ಗೆರೆಗೆರೆಯಾಗಿ ಹಾಳೆಗಿಳಿಸಿ ಗೈಡ್ ಉಮಾಮಹೇಶ್ವರನಿಗೆ ಕೊಟ್ಟಳು. ಗೋಡೆ ಗೀಚುವುದು ಸಂಶೋಧನೆಯಲ್ಲ ಅಂತ ಆತ ಪ್ರಬಂಧದಿಂದ ತೆಗೆಸಿದ. ಆರೇ ತಿಂಗಳಿಗೆ ತನ್ನ ಪುಸ್ತಕದಲ್ಲಿ, ತನ್ನ ಹೆಸರಲ್ಲಿ ಅಚ್ಚು ಹಾಕಿಸಿದ. ಈಗ ಅವನು ಡೀನ್; ಘಟಿಕೋತ್ಸವದ ಶಾಲಿಗೆ ಆ ಚಿತ್ತಾರ ಹಾಕಿಸಿದವನೂ ಅವನೇ. ಮುಂದಿನ ತಿಂಗಳಿಂದ ಸ್ವಾತಿಯ ಪಿಎಚ್.ಡಿ.ಗೂ ಅವನೇ ಗೈಡ್ ಎಂಬುದನ್ನು ಹುಡುಗಿ ಹೇಳಿದ್ದು ಅತ್ತೆ ಬಸ್ಸಿಳಿದ ಮೇಲೆ.

ಫೋಟೋ ತೆಗೆಸುವಲ್ಲಿಗೆ ಅವನೇ ನಗುತ್ತ ಬಂದ. ಯಶೋಧಾ ನನ್ನ ಹಳೆಯ ವಿದ್ಯಾರ್ಥಿನಿ ಎಂದು ಸುತ್ತಲಿದ್ದವರಿಗೆ ಹೇಳಿದ. ಆಮೇಲೆ ಶಾಲಿನ ಮೇಲಿನ ಪಲ್ಲಕ್ಕಿಗೆ ಬೆರಳಿಟ್ಟು, ಇದನ್ನು ಹೊತ್ತ ಈ ಮೂವರೆಂದರೆ ಜ್ಞಾನ, ಶ್ರಮ, ಕರುಣೆ, ಇದು ನನ್ನದೇ ಪರಿಕಲ್ಪನೆ ಎಂದು ವಿವರಿಸತೊಡಗಿದ.

ಯಶೋಧಾಳಿಗೆ ತಡೆಯಲಾಗಲಿಲ್ಲ. "ಕರುಣೆನೂ ಅಲ್ಲ, ಎಂತದೂ ಅಲ್ಲ ಸಾರ್. ಅವತ್ತು ನಮ್ಮವ್ವಂಗೆ ಹಿಟ್ಟು ಸಾಕಾಗಿರ್ಲಿಲ್ಲ, ಅಷ್ಟೇ. ನಮ್ಮನೆ ಗೋಡೆ ಅದು."

ಉಮಾಮಹೇಶ್ವರ ನಗು ಮಾಸಗೊಡದೆ ಸ್ವಾತಿಯ ಕಡೆ ತಿರುಗಿದ. "ಹೌದೇನಮ್ಮ?"

ಸ್ವಾತಿ ಹುಟ್ಟಿದಾಗಿನಿಂದ ಆ ಗೋಡೆಯ ಬುಡದಲ್ಲೇ ಮಲಗಿ, ಆ ಮೂವರನ್ನೇ ನೋಡುತ್ತ ಬೆಳೆದವಳು. ಒಂದು ಗಳಿಗೆ ಅತ್ತೆಯ ಮುಖ ನೋಡಿದಳು.

"ಅತ್ತೆಗೆ ಮರ್ತಿರ್ಬೇಕು ಸಾರ್. ನಮ್ಮನೆ ಗೋಡೇಲಿ ನಾಕು ಜನ ಇದಾರೆ."

ಹಾಗೆಂದವಳು ಬಗ್ಗಿ ಅವನ ಕಾಲು ಮುಟ್ಟಿದಳು. ಅವನು ಹರಸಿದ. ಯಶೋಧಾಳಿಗೆ ಅವನ ಮೇಲಿನ ಹೇಸಿಗೆ ಹುಡುಗಿಯ ಮೇಲೂ ಹರಿಯಿತು. ಹಿಂತಿರುಗಿ ನೋಡದೆ ಗೇಟಿನ ಕಡೆ ಹೊರಟಳು.

ಬಸ್ ನಿಲ್ದಾಣದವರೆಗೂ ಸ್ವಾತಿ ಓಡಿಬಂದಳು. ಕಣ್ಣು ಕೆಂಪಾಗಿತ್ತು. "ಸಿಟ್ಟಾಗ್ಬೇಡ ಅತ್ತೆ. ಈ ಪಿಎಚ್.ಡಿ. ಡಿಗ್ರಿ ಒಂದು ಕೈಗೆ ಬರ್ಲಿ, ಆಮೇಲೆ ಎಲ್ಲಾನೂ ಹೇಳ್ತೀನಿ."

ಉಗಿಯಬೇಕೆಂದು ಬಾಯಿ ತೆರೆದ ಯಶೋಧಾ ಹಾಗೇ ಮುಚ್ಚಿದಳು. ಇಪ್ಪತ್ತೆಂಟು ವರ್ಷದ ಹಿಂದೆ ಆ ಪುಸ್ತಕ ಮನೆಗೆ ತಂದ ದಿನ ತಾನು ಅವ್ವನಿಗೆ ಹೇಳಿದ್ದೂ ಇದೇ ಮಾತು. ಅವ್ವ ಕಾದಳು, ಸತ್ತಳು.