ಕೆಡದ ದಿನದ ಕೂಲಿ

ಕತ್ತಲಲ್ಲಿ ಮೇಲೆಲ್ಲೋ ಒಂದು ಗೆರೆ ಬೆಳಕು, ನಾಲ್ಕನೇ ಮಹಡಿಯ ಬಾಗಿಲ ಸಂದಿನದು, ಅದರಲ್ಲಿ ಯಾರದೋ ಚಪ್ಪಲಿಯ ನೆರಳು ಬಂತು, ನಿಂತಿತು, ಹೋಯಿತು — ಗೊಣಗುತ್ತ ಮೆಟ್ಟಿಲು ಹಿಡಿದಿರಬೇಕು — ಲಿಫ್ಟಿನ ನೆತ್ತಿಯ ಮೇಲೆ ಕುಕ್ಕರಗಾಲಲ್ಲಿ ಕೂತವನ ಮೂಗಿಗೆ ಗ್ರೀಸಿನ ವಾಸನೆ, ಬೆರಳಿಗೆ ಉಕ್ಕಿನ ಹಗ್ಗದ ತಂಪು, ಇನ್ನೊಂದು ಬೋಲ್ಟು ಬಿಗಿದರೆ ರಿಪೇರಿ ಮುಗಿಯಿತು, ಆದರೆ ಕೈ ಓಡುತ್ತಿಲ್ಲ, ಕೆಳಗೆ ಕಟ್ಟಡದ ಮ್ಯಾನೇಜರಮ್ಮ ಕಾಯುತ್ತಿದ್ದಾಳೆ, ಏನ್ರೀ ಮೆಕ್ಯಾನಿಕ್ಕು, ಮೂರರಲ್ಲಿ ಒಂದು ಹೇಳಿಬಿಡಿ, ಈಗಿನ ಹಾಗೆ ಕರೆದಾಗಲೆಲ್ಲ ಕೂಲಿನೋ, ಏಜೆನ್ಸಿ ಮೂಲಕ ಸಂಬಳಾನೋ, ಇಲ್ಲ ನಿಮ್ಮ ಹೆಸರಲ್ಲೇ ತಿಂಗಳ ಗುತ್ತಿಗೇನೋ, ಗುತ್ತಿಗೆ ಅಂದ್ರೆ ಲಿಫ್ಟ್ ಕೆಡಲಿ ಬಿಡಲಿ ಒಂದೇ ದುಡ್ಡು, ಇವತ್ತೇ ಹೇಳ್ಬೇಕು. ಏಜೆನ್ಸಿಯವರು ತೋರಿಸಿದ ಸಂಬಳಕ್ಕೆ ಅವನ ಕಣ್ಣು ಅರಳಿತ್ತು, ಹೆಂಡತಿ ಒಲೆಯಿಂದ ತಿರುಗದೆಯೇ ಕೇಳಿದ್ದಳು, ಅದೆಲ್ಲ ಇರ್ಲಿ, ಕೈಗೆ ಬರೋದೆಷ್ಟು, ಅವನು ಏಜೆನ್ಸಿಯ ಪಾಲು ಕಳೆದ, ತೆರಿಗೆ ಕಳೆದ, ವಿಮೆ ಕಳೆದ, ನೂರಕ್ಕೆ ಎಪ್ಪತ್ತು ಉಳಿಯಿತು, ಮಿಕ್ಕ ಮೂವತ್ತಕ್ಕೆ ಹಾಲಿನವನಿಗೆ ಸಂಬಳದ ಚೀಟಿ ತೋರಿಸ್ತೀರಾ, ಅಂದಳು ಸೌಟು ಎತ್ತಿ, ಆದರೂ ಕಾಯಿಲೆ ಬಿದ್ದರೆ ಸಂಬಳ ನಿಲ್ಲುವುದಿಲ್ಲ, ಅದೂ ನಿಜ; ಗುತ್ತಿಗೆಯಲ್ಲಿ ತೆರಿಗೆ, ವಿಮೆ ಎಲ್ಲ ತಾನೇ ಕಟ್ಟಿದರೂ ಎಂಬತ್ತೈದು ಉಳಿದೀತು, ಆದರೆ ಬಿಲ್ಲು ಪಾಸಾಗುವ ತನಕ ಬಾಯಿ ಒಣಗಿಸಿಕೊಂಡು ಕಾಯಬೇಕು, ಹಾಸಿಗೆ ಹಿಡಿದರೆ ಬದಲಿ ಆಳಿಗೆ ಕೈಯಿಂದ ಕೊಡಬೇಕು; ಕರೆದಾಗಿನ ಕೂಲಿಯಾದರೋ ನೂರಕ್ಕೆ ನೂರೂ ಕೈಗೆ, ಆಗಿಂದಾಗ, ಪೆಟ್ರೋಲು ಮಾತ್ರ ನಮ್ಮದು, ಮತ್ತೆ — ಫೋನು ಸುಮ್ಮನಿರುವ ದಿನಗಳು.

ಆ ಮೌನ ಅವನಿಗೆ ಚೆನ್ನಾಗಿ ಗೊತ್ತು, ಊಟದ ತಟ್ಟೆಗಳ ನಡುವೆ ಫೋನು, ಅದನ್ನೇ ನೋಡುವ ಮೂರು ಜನ, ಎಲ್ಲಾದರೂ ಒಂದು ಲಿಫ್ಟ್ ನಿಲ್ಲಬಾರದೇ ಎಂದು ಅವನು ತುಟಿ ಅಲ್ಲಾಡಿಸದೆ ಬೇಡುವುದು, ಮಗಳು ಅದನ್ನು ಬಾಯಿ ಬಿಟ್ಟು ಕೇಳುವುದು, ಇವತ್ತೂ ಎಲ್ಲೂ ಕೆಟ್ಟಿಲ್ವಾ ಅಪ್ಪಾ. ಮೊನ್ನೆ ಕೆಟ್ಟಿತು, ತಾವು ಬಾಡಿಗೆಗಿರುವ ಕಟ್ಟಡದಲ್ಲೇ, ಬಾಗಿಲು ಮುಚ್ಚಿಕೊಳ್ಳದೆ ಲಿಫ್ಟ್ ನೆಲಮಹಡಿಯಲ್ಲೇ ನಿಂತಿತ್ತು, ಮೂರನೇ ಮಹಡಿಯ ಅಜ್ಜಿ ತರಕಾರಿ ಚೀಲ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ತಿರುವಿನಲ್ಲಿ ಕೂತಿದ್ದಳು, ಏದುಸಿರು, ನಿನ್ನ ಲಿಫ್ಟಿಗೂ ನನ್ನ ಮಂಡಿಗೂ ಒಂದೇ ರೋಗ ಕಣಪ್ಪಾ, ನಗುತ್ತಲೇ ಅಂದಳು, ತುಟಿ ಮಾತ್ರ ಬಿಳಿಚಿತ್ತು, ಅವನು ಬಗ್ಗಿ ನೋಡಿದರೆ ಬಾಗಿಲು ಜಾರುವ ಸಂದಿನಲ್ಲಿ ಒಂದು ಕೆಂಪು ಮುಚ್ಚಳ, ಕಡ್ಡಿಯಿಂದ ಎಬ್ಬಿಸಿ ಜೇಬಿಗೆ ಹಾಕಿದ, ಯಾವ ಮಕ್ಕಳ ಕಿತಾಪತಿಯೋ ಅಂದುಕೊಂಡ, ಇಷ್ಟಕ್ಕೆಲ್ಲ ಕೂಲಿ ಬೇಡ ಅಂದು ಮನೆಗೆ ಬಂದರೆ ಬಾಗಿಲಲ್ಲೇ ಮಗಳು, ಮುಖ ತುಂಬ ಬೆಳಕು, ಎಷ್ಟು ಕೊಟ್ರಪ್ಪಾ? ಅವಳ ಹಿಂದೆ ಮೇಜಿನ ಮೇಲೆ ಮುಚ್ಚಳವಿಲ್ಲದ ಗೋಂದಿನ ಬಾಟಲಿ, ಗೋಂದು ಕೆನೆಗಟ್ಟುತ್ತಿದೆ. ಬೈಯಲು ಬಾಯಿ ತೆರೆದ, ಏನಂತ ಬೈಯುವುದು, ಅವನು ದಿನಾ ಒಳಗೊಳಗೇ ಬೇಡಿದ್ದನ್ನು ಅವಳು ಕೈಯಾರೆ ಮಾಡಿಕೊಟ್ಟಿದ್ದಳು, ಅಷ್ಟೇ.

ಬೋಲ್ಟು ಬಿಗಿಯಿತು. ಗುಂಡಿ ಒತ್ತಿದರೆ ಲಿಫ್ಟ್ ಮೆತ್ತಗೆ ಇಳಿಯುತ್ತದೆ, ಎದುರಿನಿಂದ ಲಿಫ್ಟನ್ನು ಸರಿದೂಗಿಸುವ ತೂಕದ ಕಲ್ಲುಗಳು ಕತ್ತಲಲ್ಲಿ ಸದ್ದಿಲ್ಲದೆ ಮೇಲೇರಿ ಹೋಗುತ್ತವೆ, ಕಿರುಗುಟ್ಟದು, ನಡುಗದು, ಇದೂ ಒಂದು ಮೌನವೇ, ಇಷ್ಟು ವರ್ಷ ಇದಕ್ಕೆ ಯಾರೂ ದುಡ್ಡು ಕೊಟ್ಟಿರಲಿಲ್ಲ, ಗುತ್ತಿಗೆಯಾದರೆ ಇದಕ್ಕೇ ದುಡ್ಡು. ಹೊರಬಂದು ಹೆಂಡತಿಗೆ ಫೋನು ಮಾಡಿದ, ಗುತ್ತಿಗೆ ಹಿಡೀತೀನಿ ಕಣೇ, ಕೈಗೆ ನೂರಕ್ಕೆ ಎಂಬತ್ತೈದು, ಬಿಲ್ಲು ಪಾಸಾಗೋ ತನಕ ಮೊದಲ ಎರಡು ತಿಂಗಳು ಏನೂ ಬರಲ್ಲ, ಅತ್ತ ಹೊಲಿಗೆ ಮಿಷನ್ನು ನಿಂತಿತು, ಎರಡು ತಿಂಗಳು ನನ್ನ ಹೊಲಿಗೆ ದುಡ್ಡಲ್ಲಿ ಎಳೀತೀನಿ ಬಿಡ್ರಿ, ಆದ್ರೆ ಬಿಲ್ಲು ನಾನೇ ಬರೀತೀನಿ, ನಿಮ್ಮ ಅಕ್ಷರ ನೋಡಿದ್ರೆ ಯಾರೂ ದುಡ್ಡು ಕೊಡಲ್ಲ — ಮಿಷನ್ನು ಮತ್ತೆ ಓಡತೊಡಗಿತು. ಮ್ಯಾನೇಜರಮ್ಮನಿಗೆ ಹೇಳಿದ್ದಾಯಿತು, ಗುತ್ತಿಗೆಯೇ ಇರ್ಲಿ ಮೇಡಂ, ಸಂಜೆ ಮನೆಗೆ ಹೋದರೆ ಮಗಳು ಕೇಳುತ್ತಾಳೆ, ಎಲ್ಲೂ ಕೆಟ್ಟಿಲ್ವಾ ಅಪ್ಪಾ, ಇಲ್ಲ ಪುಟ್ಟಿ, ಕೆಟ್ಟಿಲ್ಲ, ಅದಕ್ಕೇ ದುಡ್ಡು, ಹುಬ್ಬು ಗಂಟಿಕ್ಕುತ್ತಾಳೆ, ಕೆಡದಿದ್ದಕ್ಕೆ ಯಾರಾದ್ರೂ ದುಡ್ಡು ಕೊಡ್ತಾರಾ, ಮತ್ತೆ ನಗುತ್ತಾಳೆ, ನಗಬಹುದು, ಗೋಂದಿನ ಮೇಲಿನ ಕೆನೆ ತೆಗೆದರೆ ಅಡಿಯಲ್ಲಿ ಇನ್ನೂ ಹಸಿ ಇರುತ್ತದೆ — ಅವನ ಮುಂದೆ ಲಿಫ್ಟಿನ ಬಾಗಿಲು ಜಾರಿ ಬರುತ್ತಿದೆ, ಸಂದು ಖಾಲಿ, ತಡೆಯಿಲ್ಲ, ಮುಚ್ಚಿಕೊಂಡಿತು, ಜೇಬಿನೊಳಗೆ ಬೆರಳಿಗೆ ಹತ್ತುವ ಸಣ್ಣ ಸಣ್ಣ ಗೀರು, ದುಂಡಗೆ, ಕೆಂಪು ಮುಚ್ಚಳ, ಮಗಳು ಬಗ್ಗಿ ಪುಟ್ಟ ಕೈಯಿಂದ ಇಟ್ಟ ಕೆಂಪು ಮುಚ್ಚಳ, ಇವತ್ತು ಬಾಟಲಿಗೆ ಮರಳಿ ಹಾಕಬೇಕು —