ಚಂದ್ರಲೋಕದ ಗಾಡಿಯ ಹತ್ತೊಂಬತ್ತನೇ ಭಾಗ

ನನ್ನ ಮಗಳು ಗುರುದೇವಿ ಏಳು ವರ್ಷದಾಕಿದ್ದಾಗ ಪ್ಲೇಗಿನಾಗ ಹೋದಳು. ಹೋದಾಕಿನ್ನ ಚಂದ್ರನ ಮ್ಯಾಲ ಕಳಿಸಿದಾಂವ ನನ್ನ ಗಂಡ. ನನಗೊಂದು ಮಾತು ಕೇಳಲಿಲ್ಲ, ಮೂಳ.

ಸಾಯಬಣ್ಣ, ಅಂದ್ರ ನನ್ನ ಗಂಡ, ಶಹಾಬಾದಿನ ಕಲ್ಲಿನ ಛಾಪಖಾನ್ಯಾಗ ಕೆಲಸಕ್ಕಿದ್ದ. ಅಲ್ಲಿ ಕಲ್ಲಿನ ಮ್ಯಾಲ ಬರದು ಪುಸ್ತಕ ಛಾಪ ಹೊಡೀತಿದ್ರು. ಹೊಡದಾದಮ್ಯಾಗ ಅದೇ ಕಲ್ಲಿಗಿ ಮರಳು, ನೀರು ಹಾಕಿ ಉಜ್ಜಿ ಅಕ್ಷರ ಅಳಸೋದು ಇವನ ಕೆಲಸ. ಚಿತ್ತಾಪುರದ ಪ್ರಾಣೇಶರಾಯ ಮಾಸ್ತರು ಬರೆಯೋ ‘ಚಂದ್ರಲೋಕದ ಗಾಡಿ’ ಅಲ್ಲೇ ಛಾಪಾಗ್ತಿತ್ತು. ನಿಜಾಮ ಸರಕಾರದ ರೈಲೊಂದು ವಾಡಿ ಜಂಕ್ಷನ್ನಿನಾಗ ಹಳಿ ಬಿಟ್ಟು ಮ್ಯಾಲಕ್ಕೇರಿ ಚಂದ್ರನ ಕಡಿ ಹೋಗೋ ಕಥಿ. ಎರಡನೇ ಭಾಗದ ಕಲ್ಲು ಉಜ್ಜೂಮುಂದ ಇವ ಅತ್ತನಂತ. ಯಾಕೋ ಅಂದ್ರಂತ ಮಾಸ್ತರು. “ನನ್ನ ಕೂಸಿನ್ನೂ ನಿಮ್ಮ ಗಾಡ್ಯಾಗ ಕುಂದ್ರಸ್ರಿ” ಅಂದನಂತ.

ಭಾಗ ಬಂದಾಗೊಮ್ಮೆ ಮಾಸ್ತರು ಛಾಪಖಾನಿ ಕಟ್ಟಿಮ್ಯಾಲ ಕುಂತು ಮಂದಿಗಿ ಓದಿ ಹೇಳತಿದ್ರು. ಮೂರನೇ ಭಾಗ ಕೇಳಾಕ ನಾನೂ ಹೋದೆ. ಗಾಡಿ ಕಿಟಕ್ಯಾಗ ಗುರುದೇವಿ ಕುಂತಿದ್ದಳು, ಮುಂದಿನ ಹಲ್ಲು ಬಿದ್ದಾಕಿ. ಮನಿಗಿ ಬಂದು ಗಂಡಗ ಬಾಯಿಗಿ ಬಂದಂಗ ಬೈದೆ. ಖರೇ ಹೇಳ್ತೀನಿ, ನಾಕನೇ ಭಾಗಕ್ಕ ಎಲ್ಲಾರಕಿಂತ ಮೊದಲು ಹೋಗಿ ಕುಂತಾಕಿ ನಾನೇ.

ಇಪ್ಪತ್ತೊಂದು ವರ್ಷ ನಡೀತು ಆ ಕಥಿ. ಒಂದೊಂದ್ ವರ್ಷ ಎರಡು ಭಾಗ, ಒಂದೊಂದ್ ವರ್ಷ ಏನೂ ಇಲ್ಲ. ಲಡಾಯಿ ಕಾಲದಾಗ ಕಾಗದ ಸಿಗದೆ ಗಾಡಿ ಮೂರು ವರ್ಷ ನಿಂತಲ್ಲೇ ನಿಂತಿತ್ತು. ಆಮ್ಯಾಲ ಬಂದ ಭಾಗ ಕಿರಾಣಿ ಪುಡಿಕಿ ಕಟ್ಟೋ ಕಾಗದದ ಮ್ಯಾಲ ಛಾಪಾಗಿತ್ತು. ಮಳಖೇಡ, ಚಿಮ್ಮನಚೋಡದ ಮಂದಿ ಅದನ್ನೂ ಬಿಡದೆ ತರಿಸ್ಕೊಂಡ್ರು.

ಚಂದ್ರನ ಮ್ಯಾಲ ಗಾಳಿಲ್ಲ, ಸದ್ದಿಲ್ಲ. ಬೂದಿಯಂಥ ಮಣ್ಣಾಗ ಬಿಳಿ ಜ್ವಾಳ ಬೆಳೀತದ. ಗಾಡಿ ಕೂಗಿದ್ರ ಕೇಳಂಗಿಲ್ಲ, ಹೊಗಿ ಅಷ್ಟೇ ಕಾಣ್ತದ. ಆ ಹೊಲದಾಗ ನನ್ನ ಕೂಸು ಹಗುರಕ ಹಾರಿ, ಹಗುರಕ ಇಳೀತಿತ್ತು. ಕೇಳಕೋತ ಕುಂತ್ರ ನನಗ ಹಸಿವಿ, ನೀರಡಿಕಿ ಎರಡೂ ಮರೀತಿದ್ವು. ಇಷ್ಟು ವರ್ಷಾದ್ರೂ ಅಕಿ ಏಳು ವರ್ಷದಾಕಿನೇ ಇದ್ದಳು.

ಹೋದ ವರ್ಷ ಮಾಸ್ತರು ನಮ್ಮ ಮನಿಗೇ ಬಂದ್ರು. ಭಾಳ ಸೋತಿದ್ರು.

“ಅಮೃತಮ್ಮ, ಇದು ಕಡೀ ಭಾಗ. ಗಾಡಿ ವಾಡಿಗಿ ವಾಪಸ್ ಬರ್ತದ. ಗುರುದೇವಿನ್ನ ಇಳಸ್ಲೋ, ಅಲ್ಲೇ ಬಿಡ್ಲೋ? ನೀನೇ ಹೇಳಬೇಕವಾ.”

“ಇಳಸ್ರಿ” ಅಂದ ಸಾಯಬಣ್ಣ.

“ಇಳದು ಎಲ್ಲಿಗಿ ಬರ್ತಾಳ?” ಅಂತ ಗಂಡನ ಮ್ಯಾಲ ಹಾರಿಬಿದ್ದೆ. “ಈ ಮನಿಗೇನು? ಪುಸ್ತಕ ಮುಚ್ಚಿದ ಮ್ಯಾಲ ನಾ ಬಾಗಲಾ ಕಾಯ್ಕೋತ ಕುಂದ್ರಬೇಕೇನು?”

“ಹಂಗಾದ್ರ ಅಲ್ಲೇ ಬಿಡ್ಲೇನವಾ?” ಅಂದ್ರು ಮಾಸ್ತರು.

“ಕೂಸಿನ್ನ ಒಂದನ್ನೇ ಬಿಟ್ಟು ಬರ್ತೀರೇನು? ಏನ್ ಮಾತಂತ ಆಡ್ತೀರಿ!”

ಆಮ್ಯಾಲ ನನ್ನ ಬಾಯಿಂದ ಈ ಮಾತು ಹೆಂಗ ಬಂತೋ ನನಗೇ ಗೊತ್ತಿಲ್ಲ. “ಮಾಸ್ತರ, ಅಕಿನ್ನ ದೊಡ್ಡಾಕಿ ಮಾಡ್ರಿ. ಇದ್ದಿದ್ರ ಇಪ್ಪತ್ತೆಂಟು ಆಗ್ತಿತ್ತು. ವಾಡ್ಯಾಗ ಗಾಡಿ ಬದಲಸಿ ಗಂಡನ ಮನಿಗಿ ಹೋಗ್ಲಿ. ನಡುವ ಐದು ಮಿನಿಟು ನನಗ ಕೊಡ್ರಿ. ಉಡಿ ತುಂಬಿ ಕಳಸ್ತೀನಿ.”

ಸಾಯಬಣ್ಣ ಗ್ವಾಡಿ ಕಡಿ ಮಾರಿ ತಿರುವಿದ.

ಹತ್ತೊಂಬತ್ತನೇ ಭಾಗ ಓದಿದ ದಿನ ಕಟ್ಟಿ ಸುತ್ತ ಮಂದಿ ಕಿಕ್ಕಿರಿದಿತ್ತು. ಕಥ್ಯಾಗ ಈ ಸಲ ನಾನೂ ಇದ್ದೆ. ವಾಡಿ ಸ್ಟೇಷನ್ನಿನಾಗ ಉಡಿಯಕ್ಕಿ, ಕೊಬ್ಬರಿ ಬಟ್ಟಲು ಹಿಡ್ಕೊಂಡು ಡಬ್ಬಿಯಿಂದ ಡಬ್ಬಿಗಿ ಓಡಾಡಾಕತ್ತೀನಿ, ಕಿಟಕಿ ಕಿಟಕ್ಯಾಗ ಏಳು ವರ್ಷದ ಕೂಸಿನ್ನ ಹುಡುಕಾಕತ್ತೀನಿ. ದೊಡ್ಡಾಕಿ ಮಾಡ್ರಿ ಅಂದಾಕಿ ನಾನೇ, ನನಗೇ ಮರ್ತಹೋಗ್ಯದ. ಬಾಜೂಕ ಎತ್ತರದ ಹೆಣ್ಮಗಳೊಬ್ಬಾಕಿ ಬಂದು ನಿಂತಳು.

“ಏನವ್ವಾ, ಯಾರಿಗಿ ಹುಡುಕಾಕತ್ತಿ?” ಅಂದಳು.

ಮಾಸ್ತರು ಮುಂದ ಓದಿದ್ದು ನನಗ ಕೇಳಸಲಿಲ್ಲ. ಇಪ್ಪತ್ತೊಂದು ವರ್ಷದ ಅಳು ಎಲ್ಲಾರ ಮುಂದ ಅತ್ತುಬಿಟ್ಟೆ.